ಹವಳದ ಮೇಲೆ ನಿಂತ ಕಾಲು

ಸಮುದ್ರದೊಳಗೆ ಯಾರೋ ನನ್ನ ಕಣಕಾಲು ಹಿಡಿದು ಮೇಲಕ್ಕೆತ್ತಿದರು. ಆಯ ತಪ್ಪಿ ಒಂದು ಗುಟುಕು ಉಪ್ಪುನೀರು ಕುಡಿದೆ. ಪಕ್ಕದಲ್ಲಿ ತಲೆ ಎತ್ತಿದವರು ಕುದೇರಿನ ನನ್ನ ಸೋದರತ್ತೆ. ಬಾವಿಯಲ್ಲಿ ಈಜು ಕಲಿತವರು. ಮಾಸ್ಕ್ ಸರಿಸಿ, ಏದುಸಿರೂ ಇಲ್ಲದೆ ಹೇಳಿದರು:

"ಇದು ಕಲ್ಲಲ್ಲ, ಜೀವ ಅದೆ ಅಂತ ದಾರಿಯುದ್ದಕ್ಕೂ ನೀನೇ ಯೋಳ್ಕಂಡು ಬಂದೆ ಕಣಮ್ಮಿ. ಈಗ ಅದ್ರ ಮ್ಯಾಲೇ ನಿಂತಿದ್ದೀಯಲ್ಲ."

ನಿಜ. ಗುಂಡ್ಲುಪೇಟೆಯಿಂದ ಕ್ಯಾಂಪರ್ ವ್ಯಾನಿನಲ್ಲಿ ರಾಮೇಶ್ವರದ ಕಡೆಯ ನಿರ್ಜನ ಕರಾವಳಿಗೆ ಹೊರಟಾಗಿನಿಂದ, ವಿಜ್ಞಾನ ಶಿಕ್ಷಕಿಯಾದ ನಾನು ಹವಳದ ದಿಬ್ಬಗಳ ಪಾಠ ಮಾಡುತ್ತಲೇ ಇದ್ದೆ. ವ್ಯಾನಿನ ಪುಟ್ಟ ಒಲೆಯಲ್ಲಿ ಮುದ್ದೆ ತೊಳಸುತ್ತಾ ಅತ್ತೆ 'ಹ್ಞೂಂ' ಅನ್ನುತ್ತಿದ್ದರು. ಕೇಳಿಸಿಕೊಳ್ಳುತ್ತಿಲ್ಲವೆಂದೇ ಅಂದುಕೊಂಡಿದ್ದೆ. ನೀರಿಗಿಳಿದು ಮಾಸ್ಕಿನೊಳಗೆ ನೀರು ನುಗ್ಗಿದ್ದೇ ತಡ, ಕಾಲಿಗೆ ಸಿಕ್ಕಿದ್ದರ ಮೇಲೆ ನಿಂತುಬಿಟ್ಟಿದ್ದೆ.

"ಮತ್ತೆಲ್ಲಿ ನಿಲ್ಲಲಿ ಅತ್ತೆ?" ಅಂದೆ.

"ನಮ್ಮ ಹೊಲದ ಅರಿಶಿನದ ಮೊಳಕೆ ಮ್ಯಾಲೆ ನಿಂತೀಯಾ? ನಿಲ್ಲಬ್ಯಾಡ, ತೇಲು" ಅಂದು ಮುಂದೆ ಈಜಿದರು.

ಅಂಗಾಲಿನಲ್ಲಿ ಹವಳ ತರಚಿದ ಗೆರೆ ಇನ್ನೂ ಮಾಸಿಲ್ಲ. ಈ ವರ್ಷ ತರಗತಿಯಲ್ಲಿ ಆ ಪಾಠ ಬಂದಾಗ, ಪುಸ್ತಕ ತೆರೆಯುವ ಮೊದಲು ಚಪ್ಪಲಿ ಬಿಟ್ಟು ಮಕ್ಕಳಿಗೆ ಅಂಗಾಲು ತೋರಿಸಿದೆ.