ಕೊಬ್ಬರಿ ಕಟ್ಟಿದ ಎಂಜಿನ್ನು

ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಪಾಸಾದವನು ನಾನು. ಮೊದಲು ಮೆಟ್ರಿಕ್ ಪಾಸಾದವನೂ ನಾನೇ. ನನ್ನ ಹಿಂದಿನವರೆಲ್ಲ ಹೆಬ್ಬೆಟ್ಟು ಒತ್ತುವುದರಲ್ಲಿ ಪಾಸಾದವರು. ಇದನ್ನು ನಾಚಿಕೊಂಡು ಹೇಳುವ ಜಾಯಮಾನ ನನ್ನದಲ್ಲ. ಬೀದಿ ದೀಪದ ಕೆಳಗೆ ಓದಿ ಮುಂದೆ ಬಂದೆ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಶಿಗ್ಗಾಂವಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಬೀದಿಗೆ ದೀಪವೇ ಇರಲಿಲ್ಲ.

ಡಿಗ್ರಿಯಿಂದ ನನಗೆ ಎರಡು ಸಿಕ್ಕವು. ಒಂದು, ಹಿರೇಕೆರೂರ ಕಡೆ ಹಂಸಭಾವಿಯಲ್ಲಿ ವಿಜ್ಞಾನ ಮಾಸ್ತರಿಕೆ. ಇನ್ನೊಂದು, ಮೋಟಾರ್ ಸೈಕಲ್ಲಿನ ಹುಚ್ಚು. ಕಾಲೇಜಿನ ದಿನಗಳಲ್ಲಿ ಬೆಳಗಾವಿಯ ಮೈದಾನದಲ್ಲಿ ಪಲ್ಟನ್ನಿನವರು ಮಣ್ಣು ಹಾರಿಸುತ್ತ ರೇಸ್ ಓಡುವುದನ್ನು ಬೇಲಿಗೆ ಜೋತುಬಿದ್ದು ನೋಡಿದ್ದೆ. ಅಂಥದೊಂದರಲ್ಲಿ ನಾನೂ ಓಡಬೇಕು ಎಂದು ಆವತ್ತೇ ನಿಶ್ಚಯಿಸಿದೆ. ಒಕ್ಕಲಿಗನ ಮಗನಿಗೆ ಬೇಲಿಯ ಒಳಗಿನ ಜಾಗ ಯಾಕಿಲ್ಲ?

ಸವಣೂರಿನ ಗುಜರಿ ಅಂಗಡಿಯೊಂದರ ಹಿಂದೆ ನನ್ನ ಗಾಡಿ ಸಿಕ್ಕಿತು. ಎರಡನೇ ಮಹಾಯುದ್ಧಕ್ಕಿಂತ ಹಳೆಯದು, ಒಂದೇ ಸಿಲಿಂಡರಿನದು, ವಯಸ್ಸಿನಲ್ಲಿ ನನಗೆ ಅಣ್ಣನಾಗಬೇಕು. ಎಂಜಿನ್ನಿನ ಹೊಟ್ಟೆ ತೆರೆದಿತ್ತು. ಅದರೊಳಗೆ ಕೋಳಿಯೊಂದು ಸಂಸಾರ ಹೂಡಿತ್ತು.

"ಒಯ್ರಿ ಸಾಹೇಬ್ರ, ಗೋರಾ ಸಾಹೇಬ ರೇಸಿನ್ಯಾಗ ಓಡ್ಸಿದ ಗಾಡಿ ಇದು," ಎಂದ ಅಂಗಡಿಯವ.

"ಗೆದ್ದಿತ್ತೇನು?"

"ಗೆದ್ದಿದ್ರ ನನ್ನ ಕಡೆ ಯಾಕ ಬರ್ತಿತ್ತ್ರಿ?"

ಪ್ರಾಮಾಣಿಕ ಮನುಷ್ಯ. ಕೋಳಿಯನ್ನು ಇಳಿಸಿಕೊಂಡು ಮೊಟ್ಟೆಯನ್ನು ನನಗೇ ಬಿಟ್ಟ.

ವೀಳ್ಯದೆಲೆಯ ಪೆಂಡಿ ಹೇರಿ ಹೊರಟ ಚಕ್ಕಡಿಯಲ್ಲಿ ಗಾಡಿಯನ್ನು ಊರಿಗೆ ತಂದೆ. ಅಪ್ಪ ಅದರ ಸುತ್ತ ಸಂತೆಯಲ್ಲಿ ಎತ್ತು ನೋಡುವವರಂತೆ ಒಂದು ಸುತ್ತು ಹಾಕಿದ. ಆಗ ಅನುಕೂಲಸ್ಥರ ಹೊಲಗಳಲ್ಲಿ ಆಯಿಲ್ ಎಂಜಿನ್ನುಗಳು ನೀರೆತ್ತಲು ಶುರುವಾಗಿದ್ದವು. ನಮ್ಮ ಬಾವಿಯಲ್ಲಿ ಇನ್ನೂ ಎತ್ತು ಕಟ್ಟಿ ತೊಗಲಿನ ಚೀಲದಿಂದಲೇ ನೀರೆತ್ತಬೇಕು.

"ಬಾವಿಗೆ ಕೂಡ್ಸಾಕ ಬರ್ತೈತೇನು?" ಎಂದು ಕೇಳಿದ.

"ಇದು ರೇಸಿನ ಎಂಜಿನ್ ಅಪ್ಪಾ."

"ಅಂದ್ರ ನೀರು ಲಗೂನ ಬರ್ತಾವು," ಎಂದ ಅಪ್ಪ. ಆವತ್ತಿನಿಂದ ಅವನ ಕಣ್ಣು ಎಂಜಿನ್ ಮೇಲಿಂದ ಸರಿಯಲಿಲ್ಲ.

ರಿಪೇರಿಗೆ ಹಾನಗಲ್ಲಿನ ಒಬ್ಬ ಲೇಥ್ ಮಿಸ್ತ್ರಿಯನ್ನು ಹಿಡಿದೆ. ಅಕ್ಕಿ ಗಿರಣಿಗಳ ಶಾಫ್ಟು, ಕಬ್ಬಿನ ಗಾಣದ ಹಲ್ಲು ತಿರುವುತ್ತಿದ್ದ ಮನುಷ್ಯ. ರೇಸಿನ ಎಂಜಿನ್ನಿನ ಬಗ್ಗೆ ನನಗೆ ಅರ್ಧ ಗೊತ್ತಿತ್ತು, ಅವನಿಗೂ ಅರ್ಧ ಗೊತ್ತಿತ್ತು. ದುರ್ದೈವವೆಂದರೆ ಇಬ್ಬರದೂ ಒಂದೇ ಅರ್ಧ. ಉಳಿದ ಅರ್ಧಕ್ಕೆ ಪ್ರತಿ ಭಾನುವಾರ ಚಹಾ ಕುಡಿಯುತ್ತ ಜಗಳಾಡುತ್ತಿದ್ದೆವು.

ಒಡೆದ ಲಾರಿಯೊಂದರ ಪಿಸ್ಟನ್ ತಂದು, ಲೇಥಿಗೆ ಹಾಕಿ, ನಮ್ಮ ಸಿಲಿಂಡರಿನ ಅಳತೆಗೆ ಇಳಿಸಿದೆವು. ವಾಲ್ವುಗಳೂ ಅದೇ ಲಾರಿಯವು. ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಕೆಳಗೆ ಹಾಸಲು ತಾಮ್ರದ ತಗಡು ಬೇಕಿತ್ತು. ಅವ್ವನ ತೂತು ಬಿದ್ದ ಹಂಡೆ ಅದಕ್ಕೆ ಬಲಿಯಾಯಿತು. ಎಂಜಿನ್ನಿಗೆ ಇನ್ನಷ್ಟು ಒತ್ತಡ ಬರಲೆಂದು ಸಿಲಿಂಡರಿನ ಬುಡ ಸವೆಸಿದೆವು. ಆಗ ಒಂದು ಭಯ ಹುಟ್ಟಿತು: ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೆ ಬಡಿದರೆ ಎಂಜಿನ್ನು ತಾನೇ ತನ್ನ ಹಲ್ಲು ಮುರಿದುಕೊಳ್ಳುತ್ತದೆ. ನಡುವೆ ಎಷ್ಟು ಸಂದಿ ಉಳಿದಿದೆ ನೋಡಲು ಪಿಸ್ಟನ್ ಮೇಲೆ ಹಿಟ್ಟಿನ ಉಂಡೆ ಇಟ್ಟು ಒಮ್ಮೆ ಕೈಯಿಂದ ತಿರುಗಿಸಿ ಅಚ್ಚು ತೆಗೆಯಬೇಕು. ಮಿಸ್ತ್ರಿ ಹೋಳಿಗೆಯ ಕಣಕ ತಂದ. ಅದು ಒತ್ತಿದರೆ ಒತ್ತಿಸಿಕೊಂಡು, ಬಿಟ್ಟರೆ ಮತ್ತೆ ಉಬ್ಬಿತು. ನಾನು ಜೋಳದ ಹಿಟ್ಟು ನಾದಿ ಇಟ್ಟೆ. ಜೋಳದ ಹಿಟ್ಟಿಗೆ ಅಂಥ ನಾಜೂಕಿಲ್ಲ, ಒತ್ತಿದ್ದನ್ನು ಹಾಗೇ ಹಿಡಿದುಕೊಂಡಿತು. ಸಂದಿ ಸರಿಯಾಗಿತ್ತು.

"ಮಾಸ್ತರ್ರ, ಕಾಲೇಜಿನ್ಯಾಗ ರೊಟ್ಟಿ ಬಡಿಯೋದೂ ಕಲಿಸ್ತಾರೇನ್ರಿ?" ಎಂದ ಮಿಸ್ತ್ರಿ.

"ನಿಮಗ ಕಣಕ ಕಲಿಸಿದವ್ರು ಯಾರ್ರಿ ಮೊದಲ?" ಎಂದೆ.

ಇನ್ನು ಎಣ್ಣೆ. ರೇಸಿನ ಎಂಜಿನ್ನುಗಳಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆಯೇ ಉತ್ತಮವೆಂದು ಧಾರವಾಡದ ಲೈಬ್ರರಿಯಲ್ಲಿ ಓದಿದ್ದೆ. ಚಿಕ್ಕಂದಿನಲ್ಲಿ ಹೊಟ್ಟೆ ತೊಳೆಯಲೆಂದು ಅವ್ವ ಮೂಗು ಹಿಡಿದು ಕುಡಿಸುತ್ತಿದ್ದಳಲ್ಲ, ಅದೇ ಔಡಲೆಣ್ಣೆ. ಬೀಜ ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆದು ಕೊಟ್ಟಳು.

"ಇದಕ್ಕೂ ಹೊಟ್ಟಿ ಕಟ್ಟೈತೇನಪಾ?" ಎಂದು ಕೇಳಿದಳು.

ಗಾಡಿಯನ್ನು ತಳ್ಳಿಕೊಂಡು ಓಡಿ, ಕ್ಲಚ್ ಬಿಟ್ಟು ಮೊದಲ ಸಲ ಚಾಲೂ ಮಾಡಿದಾಗ ಕೊಟ್ಟಿಗೆಯ ಎಮ್ಮೆಗಳು ಕಣ್ಣಿ ಹರಿದವು. ಸೈಲೆನ್ಸರ್ ಇರಲಿಲ್ಲ. ರೇಸಿನವರು ಅದನ್ನು ಇಡುವುದಿಲ್ಲ, ನಮ್ಮದಂತೂ ತುಕ್ಕು ಹಿಡಿದು ಮೊದಲೇ ಉದುರಿಹೋಗಿತ್ತು. ಇಡೀ ಓಣಿ ಜುಲಾಬಿನ ವಾಸನೆ ಹೊಡೆಯಿತು. ಬೆದರದೆ ನಿಂತದ್ದು ಅಪ್ಪನ ಹೋರಿ ಒಂದೇ. ಅದು ನನ್ನನ್ನೂ ಗಾಡಿಯನ್ನೂ ನೋಡಿ, ಬಾಲ ಎತ್ತಿ, ಮಾಡಬೇಕಾದ್ದು ಮಾಡಿತು.

ಅಪ್ಪನಿಗೆ ಇಷ್ಟೇ ಸಾಕಾಯಿತು. "ದೀಪಾವಳಿ ಪಾಡ್ಯದ ದಿನ ನನ್ನ ಹೋರಿನ ಸೋಲ್ಸು. ಸೋಲ್ಸಿದಿ ಅಂದ್ರ ಬೆಳಗಾವಿಗೆ ಹೋಗು, ಬೇಕಾರ ವಿಲಾಯ್ತಿಗೆ ಹೋಗು. ಸೋತಿ ಅಂದ್ರ ಎಂಜಿನ್ ಬಾವಿಗೆ."

"ಆಗ್ಲಿ."

"ಹಬ್ಬದ ಪದ್ಧತಿ ಪ್ರಕಾರ ಮತ್ತ."

"ಯಾವ ಪದ್ಧತಿ ಇದ್ರೂ ಆಗ್ಲೇಳು," ಎಂದುಬಿಟ್ಟೆ. ಎಂಜಿನ್ನಿನ ಮುಂದೆ ಎತ್ತು ಯಾವ ಲೆಕ್ಕ?

ನಮ್ಮ ಕಡೆ ಪಾಡ್ಯದ ದಿನ ಹೋರಿಗೆ ಒಣಕೊಬ್ಬರಿ ಬಟ್ಟಲುಗಳ ಹಾರ ಕಟ್ಟಿ ಊರ ಅಗಸಿ ಬಾಗಿಲಿನಿಂದ ಕೆರೆಯ ಕಡೆ ಬಿಡುತ್ತಾರೆ. ಓಣಿಯ ಎರಡೂ ಬದಿಗೆ ಹುರಿಯಾಳುಗಳು ನಿಂತು ಕೊಬ್ಬರಿ ಹರಿಯಲು ಮೇಲೆ ಬೀಳುತ್ತಾರೆ. ಆವತ್ತು ಹೋರಿಯನ್ನೂ ಗಾಡಿಯನ್ನೂ ಜೋಡಿಯಾಗಿ ಬಿಡುವುದೆಂದು ಹಿರಿಯರು ಒಪ್ಪಿದರು. ಅವ್ವ ಹೋರಿಗೆ ಆರತಿ ಎತ್ತಿದಳು. ಆಮೇಲೆ ಗಾಡಿಗೂ ಎತ್ತಿ, ಹ್ಯಾಂಡಲಿಗೆ ಕೊಬ್ಬರಿ ಹಾರ ಕಟ್ಟಿದಳು.

"ಇದಕ್ಕ ಯಾಕ ಬೇ?"

"ಬರೇ ಕೊರಳಾಗ ಬಿಡಾಕ ಅದೇನು ತಬ್ಬಲಿ ಐತೇನು?"

ಡೊಳ್ಳು ಬಾರಿಸಿದರು. ಹೋರಿ ಹಾರಿತು. ನಾನು ತಳ್ಳಿ, ಹತ್ತಿ, ಕ್ಲಚ್ ಬಿಟ್ಟೆ. ಏನು ಎಳೆತ! ಲಾರಿಯ ಪಿಸ್ಟನ್, ಹಂಡೆಯ ತಾಮ್ರ, ಔಡಲೆಣ್ಣೆ ಎಲ್ಲ ಸೇರಿ ಒಂದೇ ಉಸಿರಿಗೆ ನನ್ನನ್ನು ಹೋರಿಯ ಮುಂದೆ ಒಯ್ದವು. ಕೂಗಬೇಕೆನ್ನಿಸಿತು, ಕೂಗಿದೆ ಕೂಡ.

ಆಗ ಹುರಿಯಾಳುಗಳು ನನ್ನ ಮೇಲೆ ಬಿದ್ದರು. ಅವರದೇನು ತಪ್ಪು? ಕೊಬ್ಬರಿ ಕಟ್ಟಿಕೊಂಡು ಬಂದದ್ದೆಲ್ಲ ಅವರಿಗೆ ಹೋರಿಯೇ. ಮೈಮೇಲೆ ಬಂದವರನ್ನು ಹೋರಿ ಗುಮ್ಮುತ್ತದೆ, ಹಾರುತ್ತದೆ, ನಿಲ್ಲುವುದಿಲ್ಲ. ನಾನು ಬಿ.ಎಸ್ಸಿ. ಓದಿದವನು, ಬ್ರೇಕ್ ಹಾಕಿದೆ. ಅಷ್ಟರಲ್ಲಿ ಒಬ್ಬ ಹ್ಯಾಂಡಲಿಗೆ ಜೋತುಬಿದ್ದ, ಮತ್ತೊಬ್ಬ ನನ್ನ ಹಿಂದೆ ಹತ್ತಿ ಕುಂತ. ಅವರನ್ನು ಕೊಡವಿಕೊಂಡು ಮತ್ತೆ ಎಳೆದೆ. ಕೆರೆಯ ದಂಡೆಗೆ ಹೋರಿಗಿಂತ ಮೊದಲು ಮುಟ್ಟಿದ್ದು ನಾನೇ. ಇದನ್ನು ಕಂಡವರು ಇನ್ನೂ ಬದುಕಿದ್ದಾರೆ.

ಹಿಂದಿನಿಂದ ಹೋರಿ ಬಂತು, ಒಂದು ಬಟ್ಟಲೂ ಕಳಕೊಳ್ಳದ ಹಾರ ಕುಣಿಸುತ್ತ. ಅದರ ಹಿಂದೆ ಅಪ್ಪ ಏದುತ್ತ ಬಂದ.

"ಗೆದ್ನಿ," ಎಂದೆ.

"ನಿನ್ನ ಕೊಬ್ಬರಿ ಎಲ್ಲೈತಿ?"

ಹ್ಯಾಂಡಲ್ ನೋಡಿದೆ. ದಾರದ ತುಂಡೊಂದು ನೇತಾಡುತ್ತಿತ್ತು.

"ಮೊದಲ ಮುಟ್ಟಿದ್ದು ನಾನಪಾ!"

"ಮೊದಲ ಮುಟ್ಟಾಕ ಇದೇನು ಹಾನಗಲ್ ಬಸ್ಸೇನು? ಕೊಬ್ಬರಿ ಉಳಿಸಿಕೊಂಡ ಹೋರಿ ಗೆದ್ದಂಗ. ಹುಟ್ಟಿದಾಗಿಂದ ನೋಡೀದಿ, ಮರತಿಯೇನು?"

ಹಿರಿಯರೂ ಅದನ್ನೇ ಹೇಳಿದರು. ನ್ಯೂಟನ್ನನ ನಿಯಮಗಳನ್ನು ಬಾಯಿಪಾಠ ಹೇಳುವ ನಾನು ನಮ್ಮ ಅಗಸಿಯ ನಿಯಮವನ್ನೇ ಮರೆತಿದ್ದೆ. ನಮ್ಮ ಮೋಟಾರನ್ನು ಬೆತ್ತಲೆ ಮಾಡಿದವರು ಕೆರೆಯ ಕಟ್ಟೆಯ ಮೇಲೆ ಕುಂತು ಕೊಬ್ಬರಿ ತಿನ್ನುತ್ತಿದ್ದರು. ನನಗೂ ಒಂದು ಚೂರು ಕೊಟ್ಟರು. ತಿಂದೆ.

ಎಂಜಿನ್ನು ಬಾವಿಗೆ ಹೋಯಿತು. ಓಡದೆ ನಿಂತಲ್ಲಿ ಗಾಳಿ ಸಿಗದೆ ಅದು ಕಾದು ಕೆಂಡವಾಗುತ್ತಿತ್ತು. ಮಿಸ್ತ್ರಿ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಫ್ಯಾನು ಮಾಡಿ ಕೊಟ್ಟ. ನಿಧಾನವೆಂಬುದು ಅದಕ್ಕೆ ಹುಟ್ಟಿನಿಂದ ಗೊತ್ತಿರಲಿಲ್ಲ. ಪಕ್ಕದ ಹಿರೇಬೆಂಡಿಗೇರಿಗೆ ಕೇಳುವ ಹಾಗೆ ಒದರಿಕೊಂಡು, ಕಾಲುವೆ ಒಡೆಯುವ ಹಾಗೆ ನೀರು ಚೆಲ್ಲುತ್ತಿತ್ತು. ಅಪ್ಪ ಸುಳ್ಳು ಹೇಳಿರಲಿಲ್ಲ, ನೀರು ಲಗೂನೇ ಬಂದವು.

ಮರುವರ್ಷ ದೀಪಾವಳಿಗೆ ಊರಿಗೆ ಬಂದಾಗ ಹೊಲಕ್ಕೆ ಹೋದೆ. ಕಬ್ಬು ನನಗಿಂತ ಎತ್ತರ ನಿಂತಿತ್ತು. ಎಂಜಿನ್ನಿನ ಕೊರಳಿಗೆ ಅಪ್ಪ ಕೊಬ್ಬರಿ ಹಾರ ಕಟ್ಟಿದ್ದ. ಕಾವಿಗೆ ಕೊಬ್ಬರಿ ಹುರಿದು ಘಮ್ಮೆನ್ನುತ್ತಿತ್ತು.

"ನೋಡು, ಒಂದೂ ಹರದಿಲ್ಲ," ಎಂದ ಅಪ್ಪ. "ಈ ಸಲ ಗೆದ್ದೈತಿ ನಿನ್ನ ಹೋರಿ."

"ಹಂಗಾರ ಬೆಳಗಾವಿಗೆ ಒಯ್ಲೇನು?"

ಅಪ್ಪ ಕಬ್ಬಿನ ಕಡೆ ನೋಡಿದ, ಎಂಜಿನ್ನಿನ ಕಡೆ ನೋಡಿದ.

"ಒಯ್ಯಂತಿ ತೊಗೋ. ನೀರು ಹಾಯ್ಸೋದು ಮುಗೀಲಿ."