ಗಣಿಕೆ ಸೊಪ್ಪಲ್ಲ, ಮದಗುಣಕಿ

ಫೋನ್ ಮಾಡಿದ್ದು ಪಕ್ಕದ ಮನೆಯ ಮರಾಠಿ ಕಾಕು. ನಾನು ಆಫೀಸಿನಲ್ಲಿದ್ದೆ. "ವಿದ್ಯಾ, ಲವಕರ್ ಯೇ," ಬೇಗ ಬಾ ಎಂದಷ್ಟೇ ಹೇಳಿದರು.

ಕೊಂಢವಾ ಬಡಾವಣೆಯ ನಮ್ಮ ಮನೆಯ ಬಾಗಿಲು ತೆರೆದೇ ಇತ್ತು. ನನ್ನ ಗಂಡ ಪ್ರಕಾಶ ಹಾಲ್‌ನಲ್ಲಿ ನಿಂತು ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದರು. ಮುಖ ಕೆಂಪೇರಿತ್ತು. ಮೈ ಸುಡುತ್ತಿತ್ತು, ಆದರೆ ಒಂದು ಹನಿ ಬೆವರಿರಲಿಲ್ಲ. ಕೈ ಹಿಡಿದರೆ ಕಿತ್ತುಕೊಂಡರು.

"ಯಾರ್ರಿ ನೀವು?"

ಮದುವೆಯಾದಾಗಿನಿಂದ ಅವರು ನನಗೆ ಬಹುವಚನ ಹಚ್ಚಿದವರೇ ಅಲ್ಲ.

ಕಾಕುವಿನ ಮಗ ಕಾರು ತಂದ. ದಾರಿಯುದ್ದಕ್ಕೂ ನೀರು, ನೀರು ಎಂದು ಕೇಳಿದರು. ಕೊಟ್ಟರೆ ನುಂಗಲಾಗದೆ ಅಂಗಿಯ ಮೇಲೆ ಚೆಲ್ಲಿಕೊಂಡರು. ಕ್ಯಾಶುವಾಲಿಟಿಯಲ್ಲಿ ಇಬ್ಬರು ವಾರ್ಡ್‌ಬಾಯ್‌ಗಳು ಅವರನ್ನು ಹಿಡಿದುಕೊಳ್ಳಬೇಕಾಯಿತು. ಸಿ.ಟಿ. ಸ್ಕ್ಯಾನ್ ಆಯಿತು. ಮೆದುಳಿನಲ್ಲಿ ರಕ್ತಸ್ರಾವ ಇಲ್ಲ. ಹಾಗಾದರೆ ಮೆದುಳಿನ ಸೋಂಕಿರಬಹುದು, ಬೆನ್ನಿನಿಂದ ನೀರು ತೆಗೆದು ನೋಡೋಣ ಎಂದರು. ನಾನು ತಲೆಯಾಡಿಸಿದೆ. ಆಗ ಏನು ಕೇಳಿದ್ದರೂ ಆಡಿಸುತ್ತಿದ್ದೆ.

ಡ್ಯೂಟಿಯಲ್ಲಿದ್ದ ಡಾಕ್ಟರ್, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಅವರ ಕಣ್ಣಿಗೆ ಟಾರ್ಚ್ ಬಿಟ್ಟು ಮತ್ತೊಮ್ಮೆ ನೋಡಿದಳು. ಪಾಪೆಗಳು ಪೂರ್ತಿ ಹಿಗ್ಗಿದ್ದವು. ಬೆಳಕಿಗೆ ಕುಗ್ಗಲಿಲ್ಲ.

"ಕಾಕೂ, ಇವರು ಏನು ತಿಂದಿದ್ದರು?" ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದಳು.

ನನಗೆ ಗೊತ್ತಿರಲಿಲ್ಲ. ವಾರದಿಂದ ಅವರಿಗೆ ಬಾಯಿಹುಣ್ಣು. ಗಣಿಕೆ ಸೊಪ್ಪಿನ ಪಲ್ಯ ತಿಂದರೆ ಮಾಯುತ್ತದೆ, ಬಿಲ್ಡಿಂಗಿನ ಹಿಂದಿನ ಗೋಡೆಯ ಹತ್ತಿರ ಬೆಳೆದದ್ದು ನೋಡಿದ್ದೇನೆ ಎಂದು ಬೆಳಿಗ್ಗೆ ಅಂದದ್ದು ಆಗ ನೆನಪಾಯಿತು. ಅಷ್ಟರಲ್ಲಿ ಕಾಲೇಜಿನಿಂದ ಮನೆಗೆ ಬಂದಿದ್ದ ಮಗಳು ಮೇಘಾಗೆ ಫೋನ್ ಮಾಡಿದೆ.

"ಅಮ್ಮಾ, ಕಡಾಯಿ ಖಾಲಿ ಅದ. ಆದ್ರ ಕಸದ ಬುಟ್ಟ್ಯಾಗ ಎಲಿ ಅವ." ಫೋಟೋ ಬಂತು. ಬಾಡಿ ಮುದ್ದೆಯಾದ ಎಲೆ. ನನಗೂ ತಿಳಿಯಲಿಲ್ಲ, ಡಾಕ್ಟರಿಗೂ ತಿಳಿಯಲಿಲ್ಲ. ಗಿಡವನ್ನೇ ನೋಡಬೇಕು, ಬರಿಗೈಲೆ ಮುಟ್ಟಬೇಡ ಎಂದು ಮಗಳಿಗೆ ಹೇಳಿ ಎಂದಳು.

ಮೇಘಾ ಕೆಳಗಿಳಿದು ವಿಡಿಯೋ ಕಾಲ್ ಮಾಡಿದಳು. ಗೋಡೆಯ ಪಕ್ಕ ಮೊಳಕಾಲೆತ್ತರದ ಗಿಡಗಳು, ತುದಿ ಚಿವುಟಿದ ಗುರುತು. "ಇವಕ್ಕ ಹೂವಿಲ್ಲಮ್ಮಾ. ಬಾಜೂಕ ಒಂದು ದೊಡ್ಡದು ಅದ, ಕಡಿದ ಬುಡದಿಂದ ಮತ್ತ ಚಿಗತದ. ಎಲಿ ಎರಡಕ್ಕೂ ಒಂದೇ ಥರ. ನೋಡು, ಮ್ಯಾಲ ಸಣ್ಣ ಸಣ್ಣ ರೋಮ ಅವ." ಕ್ಯಾಮೆರಾ ಮೇಲೇರಿತು. ಉದ್ದನೆಯ ಬಿಳಿ ಹೂವು, ತುತ್ತೂರಿಯಂತೆ. ಅದರ ಕೆಳಗೆ ಮೈತುಂಬ ಮುಳ್ಳಿನ ದುಂಡನೆ ಕಾಯಿ.

ಮದಗುಣಕಿ, ಅಂದರೆ ದತ್ತೂರಿ.

ಶಿವರಾತ್ರಿಗೆ ನಾನೇ ಎಷ್ಟು ಸಲ ಈ ಹೂವು ಏರಿಸಿದ್ದೇನೆ! "ಧೋತ್ರಾ," ಎಂದು ಮರಾಠಿಯಲ್ಲಿ ಕಿರುಚಿಯೇ ಬಿಟ್ಟೆ. ಡಾಕ್ಟರ್ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಓಡಿದಳು.

ಬೆನ್ನಿನ ಸೂಜಿ ನಿಂತಿತು. ಐ.ಸಿ.ಯು.ಗೆ ಹಾಕಿದರು. ಮೂತ್ರ ಕಟ್ಟಿತ್ತು, ಕ್ಯಾಥೆಟರ್ ಹಾಕಿದರು. ಶಾಂತವಾಗಲು ಇಂಜೆಕ್ಷನ್, ಸಲೈನ್, ಮೈಗೆ ತಣ್ಣೀರಿನ ಬಟ್ಟೆ. "ವಿಷ ತಾನಾಗಿ ಇಳೀತದೆ, ಅಲ್ಲಿಯವರೆಗೆ ಹೃದಯ ಕಾಯಬೇಕು," ಎಂದರು ದೊಡ್ಡ ಡಾಕ್ಟರ್. ಗಣಿಕೆಯೂ ಮದಗುಣಕಿಯೂ ಒಂದೇ ಕುಟುಂಬದವು, ನಮ್ಮ ಬದನೆಕಾಯಿ ಟೊಮೆಟೊಗಳೂ ಅದರವೇ ಎಂದು ಅವರಿಂದಲೇ ತಿಳಿಯಿತು. ನಾವು ದಿನವೂ ತಿನ್ನುವುದರ ಇಷ್ಟು ಹತ್ತಿರದ ಸಂಬಂಧಿ ಗೋಡೆಯ ಬುಡದಲ್ಲಿ ವರ್ಷವರ್ಷವೂ ಚಿಗುರುತ್ತ ನಿಂತಿತ್ತು, ನಾವು ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಹೋಗುತ್ತಿದ್ದೆವು.

ಮರುದಿನ ಮಧ್ಯಾಹ್ನ ಅವರು ಕಣ್ಣು ಬಿಟ್ಟರು. ನನ್ನನ್ನೇ ದಿಟ್ಟಿಸಿದರು.

"ವಿದ್ಯಾ, ರಜಾ ಹಾಕೀಯೇನು?"

ಅತ್ತುಬಿಟ್ಟೆ.

ಆ ದಿನ ಏನಾಯಿತೆಂಬುದು ಅವರಿಗೆ ಈಗಲೂ ನೆನಪಿಲ್ಲ. ಮನೆಗೆ ಬಂದ ಮೇಲೂ ಕೆಲವು ದಿನ ಅವರ ಕಣ್ಣಿಗೆ ಹತ್ತಿರದ್ದೆಲ್ಲ ಮಂಜು ಮಂಜು. ಪೇಪರನ್ನು ಮೇಘಾ ಓದಿ ಹೇಳುತ್ತಿದ್ದಳು. ಸೊಸೈಟಿಯವರು ಗ್ಲೌಸ್ ಹಾಕಿಸಿ ಆ ಗಿಡಗಳನ್ನು ಬೇರುಸಮೇತ ಅಗೆಸಿದರು. ಬೇರಿನ ತುಂಡು ಉಳಿದಿದ್ದರೆ ಮಳೆಗೆ ಮತ್ತೆ ಬರಬಹುದಂತೆ. ಬರಲಿ, ಈಗ ಗುರುತು ಸಿಗುತ್ತದೆ.

ನಿನ್ನೆ ಬೆಳಿಗ್ಗೆ ನಾನು ಚಹಾಕ್ಕೆ ಹಾಲಿನ ಪಾಕೀಟು ಕತ್ತರಿಸಲು ಹೊರಟಿದ್ದೆ. ಅವರು ಅದನ್ನು ಇಸಿದುಕೊಂಡು ಕಣ್ಣ ಹತ್ತಿರ ಹಿಡಿದರು, ದೂರ ಹಿಡಿದರು, ಅಂಚಿನ ಸಣ್ಣ ಅಕ್ಷರದ ತಾರೀಖಿನ ಮೇಲೆ ಬೆರಳಾಡಿಸಿದರು.

"ಏ, ಇದು ನಿನ್ನಿದ್ದು ಅದ. ಹೊಸಾದು ಒಡಿ."

ಒಡೆದೆ.