ಉಡಿಯಲ್ಲಿ ಹೋದ ಗೋಧಿ

ಗೂಳಪ್ಪನವರನ್ನು ನಾನು ಮೊದಲು ಕಂಡದ್ದು ೧೯೯೪ರ ಚಳಿಗಾಲದಲ್ಲಿ, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ. ಅವರು ಧಾನ್ಯದಂಗಡಿಯೊಂದರ ಗುಮಾಸ್ತರು. ಹುಗ್ಗಿಗೆ ಸದಕದ ಗೋಧಿ ಇದೆಯೇ ಎಂದು ಕೇಳಿದೆ. ಇಲ್ಲಿಯವರು ಖಪಲಿ ಎನ್ನುವ ಆ ಕೆಂಪು ಗೋಧಿ ಆಗ ಅಂಗಡಿಗಳಿಂದ ಮಾಯವಾಗಿತ್ತು.

“ನಿಮ್ಮನ್ನ ಯಾರ್ ಕಳಿಸ್ಯಾರ?”

“ಯಾರೂ ಇಲ್ಲ. ನಾನು ಕನ್ನಡ ಶಾಲೆಯ ಮಾಸ್ತರ.”

“ಹಂಗ ಎಲ್ಲಾರೂ ಅಂತಾರ್ರಿ. ಹತ್ತೊಂಬತ್ತರ ಮಗ್ಗಿ ಅನ್ರಿ ನೋಡೂಣು.”

ಮಗ್ಗಿ ಒಪ್ಪಿಸಿದ ಮೇಲೆ ಒಂದು ಸೇರು ಸಿಕ್ಕಿತು, ಕುಟ್ಟಿದ ಕಾಳು.

ಈ ಗೋಧಿ ಹೊಟ್ಟಿನ ಸಮೇತ ಬಿತ್ತಿದರೇ ಚೆನ್ನಾಗಿ ಮೊಳೆಯುವುದು. ಅದಕ್ಕೇ ಅವರು ಯಾರಿಗೂ ಇಡಿಗಾಳು ಕೊಡುತ್ತಿರಲಿಲ್ಲ. ಇಂದಾಪುರದ ಬಳಿ, ಕಬ್ಬಿನ ನಡುವೆ, ಅವರದೊಂದು ತುಂಡು ಹೊಲ. ಅಜ್ಜಿ ತಂದ ಬೀಜ ಅಲ್ಲಿ ಮಾತ್ರ ಉಳಿದಿತ್ತು. ಪರರ ಕೈಸೇರಿದರೆ ಅದನ್ನೇ ಪಾಕೀಟಿನಲ್ಲಿ ತಮಗೆ ಮಾರುತ್ತಾರೆಂಬ ಭಯ ಅವರಿಗೆ.

ಕೆಲವು ವರ್ಷಗಳ ತರುವಾಯ ಹಳೆಯ ತಳಿಗಳನ್ನು ಹುಡುಕುವ ಸ್ವರ್ಣಲತಾ ಎಂಬಾಕೆ ಅವರ ಮನೆಗೆ ಬಂದರು. ನಾನೂ ಅಲ್ಲಿದ್ದೆ.

“ಬೀಜ ತೀರ್ಯಾವವ್ವಾ” ಎಂದು ಸುಳ್ಳು ಹೇಳಿ, ಗೂಳಪ್ಪನವರು ಕುಟ್ಟಿದ ಕಾಳನ್ನೇ ಕಟ್ಟಿಕೊಟ್ಟರು.

ಹೊರಟವರನ್ನು ಗೂಳಪ್ಪನವರ ಹೆಂಡತಿ ಶಿವಗಂಗವ್ವ ಒಳಗೆ ಕರೆದು ಉಡಿ ತುಂಬಿದರು. ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ಮನೆಯಲ್ಲಿ ಅಕ್ಕಿ ತೀರಿತ್ತು. ಕುಟ್ಟಿ ಮುರಿದ ಕಾಳು ಉಡಿಗೆ ಸಲ್ಲದು.

“ಏನ್ ತುಂಬಿದಿ?” ಗೂಳಪ್ಪನವರಿಗೆ ಗುಮಾನಿ.

“ಕೊಬ್ಬರಿ, ಕುಬಸದ ಕಣ.”

“ಮತ್ತ?”

“ಉಡಿಯೊಳಗಿಂದು ಗಂಡಸ್ರು ಕೇಳಬಾರ್ದ್ರಿ.”

ನೆರೆಯವರು ಕಂಡಾರೆಂದು ಗೂಳಪ್ಪನವರು ಬೀಜವನ್ನು ಬಿಸಿಲಿಗೆ ಹಾಕುತ್ತಿರಲಿಲ್ಲ. ೨೦೦೨ರ ಬಿತ್ತನೆಗೆ ಡಬ್ಬಿ ತೆರೆದರೆ ಹುಳು ತಿಂದು ಬರೀ ಹೊಟ್ಟು ಉಳಿದಿತ್ತು. ಅವರು ಎರಡು ದಿನ ಊಟ ಬಿಟ್ಟರು. ಶಿವಗಂಗವ್ವ ಫೋನು ಮಾಡಿದರು. ಸ್ವರ್ಣಲತಾ ತಾವು ಬೆಳೆಸಿ ಉಳಿಸಿದ್ದ ಗೋಧಿಯ ಚೀಲ ತಂದಿಳಿಸಿದರು.

ಗೂಳಪ್ಪನವರು ಒಂದು ಕಾಳು ಕಡಿದು ನೋಡಿದರು. “ಇದು ನಮ್ದ ಅಂತ ಏನ್ ಖಾತ್ರಿ?”

“ನಾ ತುಂಬಿದ ಉಡೀದ್ರಿ ಅದು. ನನ್ ಮ್ಯಾಲೂ ಸಂಶಯ ಏನ್ರಿ?” ಎಂದರು ಶಿವಗಂಗವ್ವ.

ಗೂಳಪ್ಪನವರು ಚೀಲ ಹೊತ್ತು ಇಂದಾಪುರದ ಬಸ್ಸು ಹತ್ತಿದರು.

ಈಗ ಅವರು ನಿವೃತ್ತರು. ಮಾಳಿಗೆಯ ಮೇಲೆ ಬೀಜ ಹರವಿ, ಕೊಡೆ ಹಿಡಿದು ಕಾವಲು ಕೂಡುತ್ತಾರೆ. ಯಾರಾದರೂ ಬೀಜ ಕೇಳಿ ಬಂದರೆ ಅದೇ ಪ್ರಶ್ನೆ: “ಯಾರ್ ಕಳಿಸ್ಯಾರ?” ಬಂದವರು ಗಂಡಸರಾದರೆ ಇಷ್ಟು ಸೇರಿಸುತ್ತಾರೆ: “ಬೀಜ ಇಲ್ರಿ. ನಿಮ್ಮ ಮನೀ ಹೆಣ್ಮಕ್ಕಳನ್ನ ಕಳಸ್ರಿ, ನಮ್ಮಾಕಿ ಉಡಿ ತುಂಬತಾಳ.”